ಹಾಡಿಗೆ ಬಂದ ನಲ್ಲಿ

ಬೆಂಗಳೂರಿನ ನಮ್ಮ ಹೊಸಕೆರೆಹಳ್ಳಿಯ ಹೆಸರಲ್ಲೇ ಕೆರೆಯಿದೆ. ಆದರೆ ನಾವು ಕುಡಿಯುವುದು ನೂರು ಕಿಲೋಮೀಟರ್ ಆಚೆಯ ಕಾವೇರಿಯನ್ನು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಅದನ್ನು ಬೆಂಗಳೂರಿಗೆ ಹತ್ತಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಯೋಜನೆ. ಲಕ್ಷ್ಮಣತೀರ್ಥ, ಕಬಿನಿ ನದಿಗಳು ಹೊತ್ತು ತಂದ ನಾಗರಹೊಳೆ ಕಾಡಿನ ಮಳೆಯೂ ಈ ನೀರಿನಲ್ಲಿದೆ. ಅದೇ ಕಾಡಿನ ಬುಡಕಟ್ಟು ಜನ ಜೇನುಕುರುಬರ ವಸತಿಗೆ, ಅಂದರೆ ಹಾಡಿಗೆ, ಪೈಪು ಎಳೆಯುವ ಮಾತು ಬಂದರೆ ಮಾತ್ರ ಕಡತ ಕದಲುವುದಿಲ್ಲ.

ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡುವ 2019ರ ಜಲಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್ ಎಂದಿತು. ಊರಾಚೆಯ ತೊಂಬೆಯ ಮುಂದೆ ಬಿಂದಿಗೆ ಸಾಲಿಟ್ಟು ಕಾಯುವ ಹೆಂಗಸಿಗೆ ಇದು ಸಣ್ಣ ಮಾತಲ್ಲ. ನನ್ನ ತಕರಾರು ಇರುವುದು ಲೆಕ್ಕ ಇಡುವ ರೀತಿಯ ಬಗ್ಗೆ. ಮನೆ ಮುಂದೆ ಮೊಳಕಾಲೆತ್ತರದ ಸಿಮೆಂಟ್ ಕಂಬ, ಅದಕ್ಕೊಂದು ನಲ್ಲಿ, ಪಕ್ಕದಲ್ಲಿ ಮನೆಯವರನ್ನು ನಿಲ್ಲಿಸಿ ಒಂದು ಫೋಟೊ: ಅಲ್ಲಿಗೆ ಆ ಮನೆ ಸಂಪರ್ಕದ ಪಟ್ಟಿಗೆ ಸೇರುತ್ತದೆ. ನೀರು ಸಾಕಷ್ಟು, ಶುದ್ಧವಾಗಿ, ತಪ್ಪದೆ ಬರಬೇಕೆಂದು ಯೋಜನೆಯೇ ಹೇಳುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಬೋರು ಬತ್ತಿದರೆ, ಮೋಟಾರು ಸುಟ್ಟರೆ, ಆನೆ ಪೈಪು ಕಿತ್ತರೆ ಪಟ್ಟಿಯಿಂದ ಹೆಸರು ಕಳಚುವವರು ಯಾರು? ನೀರುಗಂಟಿ ಇರುವುದೂ ಪಂಚಾಯಿತಿಯ ದೊಡ್ಡ ಊರಲ್ಲೇ.

ಕಾಡಿನೊಳಗಿನ ಹಾಡಿಗಳಲ್ಲಿ ಸಮಸ್ಯೆ ಇದಕ್ಕೂ ಮೊದಲೇ ಶುರು. ‘ಅರಣ್ಯ ಇಲಾಖೆ ಒಪ್ಪುವುದಿಲ್ಲ’ ಎಂಬ ಒಂದು ಮಾತಿಗೆ ಎಲ್ಲವೂ ನಿಲ್ಲುತ್ತದೆ. ಕಾನೂನು ಹೇಳುವುದೇ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಹದಿಮೂರು ಸೌಕರ್ಯಗಳಿಗೆ ಅರಣ್ಯ ಭೂಮಿ ಬಳಸಲು ಬಿಡುತ್ತದೆ. ಕುಡಿಯುವ ನೀರು, ಪೈಪ್‌ಲೈನ್ ಎರಡೂ ಅದರಲ್ಲಿವೆ. ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮೀರದಷ್ಟು ಮರಗಳ ಕಡಿತ, ಗ್ರಾಮಸಭೆಯ ಶಿಫಾರಸು ಇದ್ದರಾಯಿತು. ದೆಹಲಿಯವರೆಗೆ ಹೋಗಬೇಕಿಲ್ಲ, ವಿಭಾಗೀಯ ಅರಣ್ಯಾಧಿಕಾರಿ (ಡಿಎಫ್‌ಒ) ಹಂತದಲ್ಲೇ ಒಪ್ಪಿಗೆ ಸಿಗುತ್ತದೆ. ಹುಲಿ ಕಾಡು ಎಂಬ ನೆಪವೂ ಪೂರ್ತಿ ನಿಲ್ಲದು. ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೇ 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿದೆ.

2023ರ ನವೆಂಬರ್‌ನಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳಿಗೆಂದು ಬಂದ ಪಿಎಂ-ಜನ್‌ಮನ್ ಯೋಜನೆ ಇನ್ನೊಂದು ತೊಡಕು ತಂದಿದೆ. ನಲ್ಲಿ ನೀರೂ ಸೇರಿರುವ ಈ ವಿಶೇಷ ನೆರವಿಗೆ ಕರ್ನಾಟಕದಲ್ಲಿ ಜೇನುಕುರುಬರು, ಕೊರಗರು ಮಾತ್ರ ಅರ್ಹರು. ಸೋಲಿಗರು ಪಟ್ಟಿಯಲ್ಲಿಲ್ಲ. ಬಾಯಾರಿಕೆಗೂ ಜಾತಿ ಪ್ರಮಾಣಪತ್ರ ತೋರಿಸಬೇಕೇನೋ!

ಜಲಜೀವನ್ ಮಿಷನ್‌ನ ಗಡುವನ್ನು ಈಗ 2028ಕ್ಕೆ ಮುಂದೂಡಿದ್ದಾರೆ. ಅಷ್ಟರಲ್ಲಿ ಆಗಬೇಕಾದ್ದು ಎರಡು. ಎಸ್ಟಿಮೇಟ್ ಬರೆಯುವ ಮೊದಲೇ ಹಾಡಿಯ ಗ್ರಾಮಸಭೆ ಸೇರಿಸಿ 3(2)ರ ಅರ್ಜಿ ಹಾಕಬೇಕು. ಯಾವ ಒರತೆ ಬೇಸಿಗೆಯಲ್ಲೂ ಬತ್ತದೆಂದು ಹೇಳಬಲ್ಲವರು ಅಲ್ಲೇ ಇರುತ್ತಾರೆ. ಮತ್ತೆ, ಸರ್ಕಾರಿ ಅಂಕಿಪಟ್ಟಿಯಲ್ಲಿ ನಲ್ಲಿಗಳ ಸಂಖ್ಯೆಯ ಪಕ್ಕ ಇನ್ನೊಂದು ಅಂಕಣ ಬೇಕು: ಏಪ್ರಿಲ್‌ನಲ್ಲಿ ಆ ನಲ್ಲಿಗೆ ನೀರು ಎಷ್ಟು ದಿನ ಬಂತು?