ಪಕ್ಕದ ಮೇಜಿನವರ ಸೈಕಲ್ಲು

ಹಲಗೇರಿಯಂತಹ ಊರುಗಳಿಂದ ರಾಣೇಬೆನ್ನೂರು, ಬ್ಯಾಡಗಿಗಳ ಕಚೇರಿಗಳಿಗೆ ದಿನವೂ ಹೊರಡುವ ಉದ್ಯೋಗಸ್ಥರಲ್ಲಿ ಸೈಕಲ್ಲನ್ನೇರಿ ಬರುವವರು ಇಂದು ತೀರ ವಿರಳರಾಗಿದ್ದಾರೆ. ಇದಕ್ಕೆ ಅಭ್ಯಾಸವಿಲ್ಲದಿರುವುದೇ ಕಾರಣವೆಂದು ಹೇಳುವ ಹಾಗಿಲ್ಲ. 2006-07ನೆಯ ಸಾಲಿನಲ್ಲಿ ನಮ್ಮ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಜಡೆಗೆ ರಿಬ್ಬನ್ನು ಕಟ್ಟಿ, ಕ್ಯಾರಿಯರಿನಲ್ಲಿ ಪಾಟೀಚೀಲವನ್ನು ಸಿಕ್ಕಿಸಿ, ಹಳ್ಳಿಯಿಂದ ಹೈಸ್ಕೂಲಿನವರೆಗೆ ಸಾಲುಗಟ್ಟಿ ಹೊರಟ ಹುಡುಗಿಯರ ಆ ಮೊದಲ ತಂಡದವರು ಈಗ ಮೂವತ್ತರ ವಯಸ್ಸನ್ನು ದಾಟಿ, ಗುಮಾಸ್ತರಾಗಿ, ಶಿಕ್ಷಕಿಯರಾಗಿ, ದಾದಿಯರಾಗಿ, ಬೀಜದ ಕಂಪನಿಗಳ ನೌಕರರಾಗಿ ನಮ್ಮ ಪಕ್ಕದ ಮೇಜಿನಲ್ಲಿಯೇ ಕುಳಿತಿದ್ದಾರೆ. ಅವರಿಗೆ ಕಲಿಸಬೇಕಾದುದು ಏನೂ ಇಲ್ಲ. ಹದಿಮೂರರ ಪ್ರಾಯದಲ್ಲಿ ಅವರಿಗೆ ಸಹಜವಾಗಿದ್ದ ಒಂದು ಸ್ವಾತಂತ್ರ್ಯವನ್ನು ಅವರಿಗೆ ಮರಳಿ ನೆನಪಿಸಿದರೆ ಸಾಕು.

ನಡುವೆ ಅಡ್ಡವಾಗಿ ನಿಂತಿರುವುದು ಸಂಕೋಚ. ನೌಕರಿ ಖಾಯಮಾದೊಡನೆ ಮೋಟಾರುಗಾಡಿಯನ್ನು ಕೊಳ್ಳುವುದು ನಮ್ಮಲ್ಲಿ ಪ್ರತಿಷ್ಠೆಯ ಲಕ್ಷಣವಾಗಿ ಪರಿಣಮಿಸಿರುವುದರಿಂದ, ಸೈಕಲ್ಲಿನಿಂದಿಳಿದ ಅಧಿಕಾರಿಯನ್ನು ಕಂಡ ಜವಾನನು ನಿಜವಾದ ಕನಿಕರದಿಂದಲೇ “ಯಾಕ್ರೀ ಸಾಹೇಬ್ರ, ಗಾಡಿ ಕೆಟ್ಟೈತೇನ್ರಿ?” ಎಂದು ವಿಚಾರಿಸುತ್ತಾನೆ. ಆದರೆ 2011ರ ಜನಗಣತಿಯು, ಬೇಸಾಯ, ಕೃಷಿಕೂಲಿ ಮತ್ತು ಗೃಹೋದ್ಯಮಗಳನ್ನು ಬಿಟ್ಟು ಉಳಿದ ಉದ್ಯೋಗಗಳಲ್ಲಿರುವವರು ಕೆಲಸಕ್ಕೆ ಹೋಗುವ ಬಗೆಯನ್ನು ಕೇಳಿ ಬರೆದುಕೊಂಡಾಗ, ಭಾರತದಲ್ಲಿ ಸುಮಾರು 2 ಕೋಟಿ 60 ಲಕ್ಷ ಮಂದಿ ಸೈಕಲ್ಲಿನಲ್ಲಿಯೇ ಹೋಗಿಬರುತ್ತಿದ್ದರೆಂಬುದು ವ್ಯಕ್ತವಾಯಿತು. ಇಷ್ಟು ಜನರ ಅನ್ನದ ಮಾರ್ಗವಾಗಿರುವ ವಾಹನವನ್ನು ಕೀಳೆಂದು ಭಾವಿಸುವುದು ನನ್ನ ದೃಷ್ಟಿಯಲ್ಲಿ ಅವಿವೇಕ ಮಾತ್ರವಲ್ಲ, ಅವಿನಯವೂ ಹೌದು.

ಈ ಸಂಕೋಚವು ಉಪದೇಶದಿಂದ ಕರಗುವುದಿಲ್ಲ. ಪೆಟ್ರೋಲಿನ ದರ, ಸಕ್ಕರೆ ಕಾಯಿಲೆ, ಹೊಗೆಯ ಮಾಲಿನ್ಯ ಇವುಗಳನ್ನೆಲ್ಲ ನಮ್ಮ ಸಹೋದ್ಯೋಗಿಗಳು ನಮ್ಮಷ್ಟೇ ಚೆನ್ನಾಗಿ ಬಲ್ಲರು. ಅವರಿಗೆ ಬೇಕಾದುದು ಮೊದಲ ದಿನ ಜೊತೆಗೊಬ್ಬರು. ಎರಡನೆಯ ಶನಿವಾರದ ರಜೆಯಲ್ಲಿ ಅವರ ಮನೆಯ ಮುಂದೆ ಹೋಗಿ ನಿಂತು, ಮೂಲೆ ಸೇರಿದ ಹಳೆಯ ಸೈಕಲ್ಲಿಗೆ ಗಾಳಿ ಹಾಕಿಸಿ, “ಮೇಡಂ, ನೀವು ಮುಂದ ಹೊಡೀರಿ, ನಾವು ಹಿಂದ ಬರ್ತೀವಿ” ಎಂದು ಕಚೇರಿಯ ಬಾಗಿಲವರೆಗೊಮ್ಮೆ ಹೋಗಿ ಬಂದರೆ, ಸೋಮವಾರದ ಭಯದಲ್ಲಿ ಅರ್ಧ ಅಂದೇ ಕಳೆಯುತ್ತದೆ. ಮುಂದೆ ಹೋಗುವವರ ವೇಗವೇ ಎಲ್ಲರ ವೇಗವಾಗಬೇಕು. ಹೊಸಬರನ್ನು ಹಿಂದೆ ಬಿಟ್ಟು ತನ್ನ ಸಾಮರ್ಥ್ಯವನ್ನು ಮೆರೆಸುವವನು ಅವರನ್ನು ಶಾಶ್ವತವಾಗಿ ಬೈಕಿಗೆ ಒಪ್ಪಿಸಿಬಿಡುತ್ತಾನೆ.

ಸೈಕಲ್ಲಿನ ವಿಷಯದಲ್ಲಿ ಕೆಲವು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ಪೆಡಲ್ಲು ಕೆಳಗಿರುವಾಗ ಅದರ ಮೇಲಿಟ್ಟ ಹಿಮ್ಮಡಿಗೆ ಕಾಲು ನೇರವಾಗುವಷ್ಟು ಎತ್ತರದಲ್ಲಿ ಸೀಟು ಇರಬೇಕು. ಮೊಣಕಾಲು ನೋಯುತ್ತದೆಂದು ಸೈಕಲ್ಲನ್ನು ತ್ಯಜಿಸಿದವರಲ್ಲಿ ಅನೇಕರ ಸೀಟು ತಗ್ಗಿನಲ್ಲಿರುತ್ತದೆ. ಗಾಳಿ ಕಡಿಮೆಯಾದ ಟೈರು, ಎಣ್ಣೆ ಕಾಣದ ಚೈನು ಇವೆರಡೂ ದಾರಿಯನ್ನು ಇಮ್ಮಡಿಯಾಗಿಸಿದಂತೆ ತೋರಿಸುತ್ತವೆ. ಪುಣೆ-ಬೆಂಗಳೂರು ಹೆದ್ದಾರಿಯ ಲಾರಿಗಳ ನಡುವೆ ಹೊಸಬರನ್ನು ಕರೆದೊಯ್ಯದೆ, ಸರ್ವೀಸ್ ರಸ್ತೆಯನ್ನೋ ಒಳದಾರಿಯನ್ನೋ ಹಿಡಿಯುವುದು ಲೇಸು. ಆದರೆ ಒಳದಾರಿಗೂ ಅದರದೇ ಋತುಧರ್ಮವುಂಟು: ಎರೆಮಣ್ಣಿನ ಹಾದಿಯು ಮಳೆಯಾದ ಮರುದಿನ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗದಂತೆ ಮಾಡುತ್ತದೆ, ಆಷಾಢದ ಪಡುವಣ ಗಾಳಿಯು ಒಂದು ದಿಕ್ಕಿನಲ್ಲಿ ಎದೆಗೆ ಎದುರಾದರೆ ಮರುಪ್ರಯಾಣದಲ್ಲಿ ಬೆನ್ನನ್ನು ನೂಕಿ ಋಣ ತೀರಿಸುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನಗಳಾದ ಸೋಮವಾರ, ಗುರುವಾರಗಳಂದು ಚೀಲ ಹೇರಿದ ವಾಹನಗಳಿಂದ ರಸ್ತೆಯು ಕಿಕ್ಕಿರಿಯುವುದರಿಂದ, ಅರ್ಧ ಗಂಟೆ ಮೊದಲೇ ಹೊರಡುವುದು ಕ್ಷೇಮ. ಘಾಟಿನಿಂದ ಕಣ್ಣನ್ನೂ ಮೂಗನ್ನೂ ರಕ್ಷಿಸಿಕೊಳ್ಳಲು ಒಂದು ಕರವಸ್ತ್ರವೂ ಇರಲಿ.

ಬೆವರಿನ ಆಕ್ಷೇಪಣೆಯು ನ್ಯಾಯವಾದದ್ದೇ. ಗಂಟೆಗೆ ಹನ್ನೆರಡು ಕಿಲೋಮೀಟರಿನ ನಿಧಾನಗತಿಯಲ್ಲಿ ಬಂದು, ಹತ್ತು ಹೊಡೆಯುವುದಕ್ಕೆ ಮೊದಲೇ ತಲುಪಿ, ಮುಖ ತೊಳೆದು ಒಂದಿಷ್ಟು ಆರಿಸಿಕೊಂಡರೆ ಚಳಿಗಾಲದಲ್ಲಿ ಅದು ಪ್ರಶ್ನೆಯೇ ಆಗದು. ಏಪ್ರಿಲಿನಲ್ಲಿ ಮಾತ್ರ ಬದಲಿ ಅಂಗಿಯನ್ನು ಕಪಾಟಿನಲ್ಲಿರಿಸಬೇಕಾಗುತ್ತದೆ. ಹೆಂಗಸರಿಗಾದರೋ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ ಅವಶ್ಯ. ಅದನ್ನು ಒದಗಿಸದೆ ಅವರ ಉತ್ಸಾಹದ ಕೊರತೆಯನ್ನು ಕುರಿತು ಮಾತನಾಡಲು ನಮಗೆ ಅಧಿಕಾರವಿಲ್ಲ.

ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳೂ, ಬೆಂಗಳೂರಿನ ಕಂಪನಿಗಳ ನೌಕರರು ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವುದರಲ್ಲಿ ಪರಸ್ಪರ ಹೂಡಿರುವ ಸ್ಪರ್ಧೆಯೂ ಶ್ಲಾಘ್ಯವೇ. ಆದರೆ ಆ ನಗರಗಳ ವಿಸ್ತಾರವಾಗಲಿ, ವಾಹನಗಳ ನಿಬಿಡತೆಯಾಗಲಿ ನಮ್ಮ ತಾಲ್ಲೂಕುಗಳಲ್ಲಿಲ್ಲ. ನಮ್ಮ ಊರುಗಳು ಇಂದಿಗೂ ಸೈಕಲ್ಲಿನ ಅಳತೆಯಲ್ಲಿಯೇ ಉಳಿದಿವೆ. ನಮಗೆ ದೊಡ್ಡ ಯೋಜನೆಯೊಂದನ್ನು ಕಾಯುವ ಅಗತ್ಯವಿಲ್ಲ. ಕಚೇರಿಗಳ ಮುಖ್ಯಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಆವರಣದಲ್ಲಿ ನೆರಳಿರುವ ಒಂದು ಮೂಲೆಯನ್ನು ಸೈಕಲ್ಲುಗಳಿಗಾಗಿ ಬಿಟ್ಟುಕೊಡಿ, ಅಲ್ಲೊಂದು ಗಾಳಿಪಂಪನ್ನು ಇರಿಸಿ, ತಿಂಗಳಿಗೊಂದು ದಿನವಾದರೂ ನೀವೇ ಸೈಕಲ್ಲಿನಲ್ಲಿ ಬನ್ನಿ.