ಬಿಳಿ ಚುಕ್ಕೆಗಳ ಸಾಕ್ಷ್ಯ ಎಷ್ಟು ದೂರ?

ಸೌರವ್ಯೂಹದ ಹುಟ್ಟನ್ನು ವಿವರಿಸುವ ಜನಪ್ರಿಯ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಸಮೀಪದ ಸೂಪರ್‌ನೋವಾ ಒಂದರ ಆಘಾತ ತರಂಗದಿಂದ ಅನಿಲದ ಮೋಡ ಕುಸಿದು ಸೂರ್ಯ ಹುಟ್ಟಿದ, ಉಲ್ಕಾಶಿಲೆಗಳು ಇದನ್ನು ಸಾಬೀತುಪಡಿಸಿವೆ. ಈ ಮಾತಿನ ಮೊದಲ ಭಾಗ ಒಂದು ಊಹೆ. ಎರಡನೆಯದನ್ನು ಒಪ್ಪುವಂತಿಲ್ಲ.

ಉಲ್ಕಾಶಿಲೆಗಳು ನಿಜಕ್ಕೂ ಹೇಳುವುದೇನು? 1969ರ ಫೆಬ್ರವರಿ 8ರಂದು ಮೆಕ್ಸಿಕೊದ ಅಲೆಂಡೆ ಬಳಿ ಬಿದ್ದ ಕಲ್ಲುಗಳಲ್ಲಿ ಬಿಳಿ ಚುಕ್ಕೆಗಳು ಹುದುಗಿದ್ದವು. ಸ್ಪಿನೆಲ್, ಮೆಲಿಲೈಟ್, ಅನಾರ್ಥೈಟ್‌ಗಳಂಥ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಹೇರಳವಾಗಿರುವ ಖನಿಜಗಳು ಅವುಗಳಲ್ಲಿವೆ. ಬಿಸಿ ಅನಿಲ ತಣಿಯುವಾಗ ಮೊದಮೊದಲು ಘನರೂಪ ತಾಳುವುದು ಇಂಥ ಖನಿಜಗಳೇ. ಸೀಸದ ಸಮಸ್ಥಾನಿಗಳ ಪ್ರಕಾರ ಇಂಥ ಚುಕ್ಕೆಗಳ ವಯಸ್ಸು ಸುಮಾರು 456.7 ಕೋಟಿ ವರ್ಷ.

1976ರಲ್ಲಿ ಲೀ, ಪಾಪನಸ್ಟಾಸಿಯು ಮತ್ತು ವಾಸರ್‌ಬರ್ಗ್ ಅಲೆಂಡೆಯ ಒಂದು ಚುಕ್ಕೆಯನ್ನು ಪರೀಕ್ಷಿಸಿದರು. ಮೆಗ್ನೀಸಿಯಂಗೆ ಹೋಲಿಸಿದರೆ ಅಲ್ಯೂಮಿನಿಯಂ ಹೆಚ್ಚಿದ್ದ ಖನಿಜಗಳಲ್ಲಿ ಮೆಗ್ನೀಸಿಯಂ-26 ಕೂಡ ಅದೇ ಅನುಪಾತದಲ್ಲಿ ಹೆಚ್ಚಿತ್ತು. ಎಂದರೆ, ಹರಳುಗಟ್ಟುವ ವೇಳೆಗೆ ವಿಕಿರಣಪಟು ಅಲ್ಯೂಮಿನಿಯಂ-26 ಇನ್ನೂ ಉಳಿದಿತ್ತು. ಅದರ ಅರ್ಧಾಯು ಸುಮಾರು 7 ಲಕ್ಷ ವರ್ಷ ಮಾತ್ರ. ಮರುವರ್ಷವೇ ಕ್ಯಾಮರಾನ್ ಮತ್ತು ಟ್ರುರಾನ್ ಸೂಪರ್‌ನೋವಾದ ಊಹೆಯನ್ನು ಮುಂದಿಟ್ಟರು.

ಊಹೆಗೆ ಬಲವಿಲ್ಲವೆಂದಲ್ಲ. ಎಫ್ರೆಮೊವ್ಕಾ ಉಲ್ಕಾಶಿಲೆಯ ಚುಕ್ಕೆಗಳಲ್ಲಿ ಕ್ಯಾಲ್ಸಿಯಂ-41 ಇದ್ದುದರ ಕುರುಹನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಶ್ರೀನಿವಾಸನ್, ಗೋಸ್ವಾಮಿ ಮತ್ತು ಅವರ ಸಹಲೇಖಕ ಉಲ್ಯಾನೊವ್ 1994ರಲ್ಲಿ ವರದಿ ಮಾಡಿದರು. ಅದರ ಅರ್ಧಾಯು ಸುಮಾರು 1 ಲಕ್ಷ ವರ್ಷ. ಅದು ನಕ್ಷತ್ರದಲ್ಲಿ ತಯಾರಾಗಿದ್ದರೆ, ಚುಕ್ಕೆಯನ್ನು ಸೇರಲು ಹತ್ತು ಲಕ್ಷ ವರ್ಷವೂ ಹಿಡಿದಿರಲಾರದು.

ಆದರೆ ಅಲ್ಯೂಮಿನಿಯಂ-26ಕ್ಕೆ ಸೂಪರ್‌ನೋವಾ ಒಂದೇ ಮೂಲವಲ್ಲ; ಭಾರಿ ನಕ್ಷತ್ರಗಳು ಸ್ಫೋಟಕ್ಕೆ ಮುನ್ನವೇ ತಮ್ಮ ಮಾರುತದಲ್ಲಿ ಅದನ್ನು ಹೊರಚೆಲ್ಲುತ್ತವೆ. ಕಬ್ಬಿಣ-60 ಹಾಗಲ್ಲ; ಅದು ಮುಖ್ಯವಾಗಿ ಹೊರಬೀಳುವುದು ಸೂಪರ್‌ನೋವಾದಲ್ಲಿ. 2012ರಲ್ಲಿ ಟಾಂಗ್ ಮತ್ತು ಡೊಫಾ ಪ್ರಕಟಿಸಿದ ಅಳತೆಗಳಲ್ಲಿ ಅದರ ಪ್ರಮಾಣ ಹಿಂದಿನ ಹಲವು ಅಂದಾಜುಗಳಿಗಿಂತ ತೀರಾ ಕಡಿಮೆ ಇತ್ತು. ಸಮೀಪದ ಸ್ಫೋಟದ ಕಥೆಗೆ ಇದು ಸುಲಭವಾಗಿ ಹೊಂದುವುದಿಲ್ಲ.

ಇನ್ನೊಂದು ತೊಡಕು ತರ್ಕದ್ದು. ಸಾಮಗ್ರಿ ಸೂಪರ್‌ನೋವಾದಿಂದಲೇ ಬಂದಿತೆಂದು ಒಪ್ಪಿದರೂ, ಮೋಡವನ್ನು ಕುಸಿಯಿಸಿದ್ದು ಅದೇ ಎಂದಾಗುವುದಿಲ್ಲ. ಮೋಡ ತನ್ನದೇ ಗುರುತ್ವದಿಂದ ಕುಸಿಯುತ್ತಿದ್ದಾಗಲೂ ಅದು ಬಂದು ಬೆರೆತಿರಬಹುದು.

ಆದ್ದರಿಂದ ತರಗತಿಯಲ್ಲಿ ಮೂರನ್ನು ಬೇರ್ಪಡಿಸಿ ಹೇಳುವುದು ಒಳಿತು: ಮೆಗ್ನೀಸಿಯಂ-26ರ ಹೆಚ್ಚಳ ಅಳತೆ, ಅಲ್ಯೂಮಿನಿಯಂ-26 ಇತ್ತೆಂಬುದು ಆ ಅಳತೆಯಿಂದ ಬಂದ ತೀರ್ಮಾನ, ಸೂಪರ್‌ನೋವಾ ಇನ್ನೂ ಪರೀಕ್ಷೆಗೆ ಒಳಗಾಗುತ್ತಿರುವ ಊಹೆ.