‘ಓದಿ ವಿವರಿಸತಕ್ಕದ್ದು’: ದಂಡನ್ಯಾಯದ ಕನ್ನಡವನ್ನು ಕುರಿತು

ವಿಮರ್ಶೆಯು ಕಾವ್ಯ, ನಾಟಕ, ಕಾದಂಬರಿಗಳಿಗೆ ಮಾತ್ರ ಮೀಸಲೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಪೊಲೀಸ್ ಠಾಣೆಯ ದೂರು, ಮಹಜರು, ದೋಷಾರೋಪಣೆ, ತೀರ್ಪು ಇವೂ ಗದ್ಯವೇ. ಒಂದು ಕವಿತೆ ಅರ್ಥವಾಗದಿದ್ದರೆ ಓದುಗನು ಪುಸ್ತಕವನ್ನು ಮುಚ್ಚಿಡಬಹುದು. ಒಂದು ದೋಷಾರೋಪಣೆ ಅರ್ಥವಾಗದಿದ್ದರೆ ಅವನ ಸ್ವಾತಂತ್ರ್ಯಕ್ಕೇ ಕುಂದು ಬರಬಹುದು. ಆದಕಾರಣ ಈ ಗದ್ಯವನ್ನು ಅದರ ಉದ್ದೇಶದ ಒರೆಗಲ್ಲಿಗೆ ಹಚ್ಚಿ ನೋಡುವುದು ಭಾಷಾಭ್ಯಾಸಿಗಳಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಎಂಬ ಮೂರು ಶಾಸನಗಳು ಜಾರಿಗೆ ಬಂದಿವೆ. ಇವುಗಳಲ್ಲಿ ಎರಡನೆಯದು ವ್ಯವಹಾರದ ಕ್ರಮವನ್ನು ಹೇಳತಕ್ಕದ್ದು. ಅದರ ಕ್ರಿಯಾಪದಗಳನ್ನು ಗಮನವಿಟ್ಟು ನೋಡಿದರೆ, ಜನರಿಗೆ ತಿಳಿಯಪಡಿಸುವ ಹೊಣೆಯನ್ನು ಶಾಸನವೇ ಹೊತ್ತಿರುವುದು ಕಂಡುಬರುತ್ತದೆ. ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿಯು ಅದನ್ನು ದೂರುದಾರನಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು (ಕಲಮು ೧೭೩). ದೋಷಾರೋಪಣೆಯನ್ನು ಓದಿದರಷ್ಟೇ ಸಾಲದು, ಆರೋಪಿಗೆ ವಿವರಿಸಲೂಬೇಕು (ಕಲಮು ೨೬೩). ಓದುವುದು ಬೇರೆ, ವಿವರಿಸುವುದು ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ಆದರೆ ಈ ವಿವೇಕವು ಕೊನೆಯವರೆಗೆ ನಿಲ್ಲುವುದಿಲ್ಲ. ತೀರ್ಪನ್ನು ಪ್ರಕಟಿಸುವ ಒಂದು ವಿಧಾನವನ್ನು ಹೇಳುವಾಗ ೩೯೨ನೆಯ ಕಲಮು, ತೀರ್ಪಿನ ಸಾರಾಂಶವನ್ನು ಆರೋಪಿಗೆ ಅಥವಾ ಅವನ ವಕೀಲನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆನ್ನುತ್ತದೆ. ೧೯೭೩ರ ಸಂಹಿತೆಯಲ್ಲಿಯೂ ಇದೇ ‘ಅಥವಾ’ ಇದ್ದಿತು. ವಕೀಲನಿಗೆ ತಿಳಿದರೆ ಶಾಸನದ ಅಕ್ಷರಕ್ಕೆ ತೃಪ್ತಿಯಾಯಿತು. ಸೆರೆಮನೆಗೆ ಹೋಗತಕ್ಕವನು ಮಾತ್ರ ವಕೀಲನಲ್ಲ. ‘ಅಥವಾ’ದ ಬದಲು ‘ಮತ್ತು’ ಎಂದಿದ್ದರೆ ಆಗುತ್ತಿದ್ದ ಉಪಕಾರವು ಅಲ್ಪವಲ್ಲ.

ಶಾಸನವು ‘ವಿವರಿಸಿ’ ಎಂದರೂ, ವಿವರಿಸಲು ನಮ್ಮಲ್ಲಿ ತಕ್ಕ ಕನ್ನಡವಿದೆಯೇ? ‘ಬಿಡುಗಡೆ’ ಎಂಬ ಪದವನ್ನು ತೆಗೆದುಕೊಳ್ಳೋಣ. ಜಾಮೀನಿನ ಮೇಲೆ ಹೊರಬಂದವನನ್ನೂ, ವಿಚಾರಣೆ ನಡೆಸಲು ಆಧಾರವಿಲ್ಲವೆಂದು ನ್ಯಾಯಾಲಯವು ಆರಂಭದಲ್ಲಿಯೇ ಕೈಬಿಟ್ಟವನನ್ನೂ, ವಿಚಾರಣೆ ಮುಗಿದು ನಿರ್ದೋಷಿಯೆನಿಸಿಕೊಂಡವನನ್ನೂ ಜನರು ಒಂದೇ ಮಾತಿನಲ್ಲಿ ‘ಬಿಡುಗಡೆಯಾದ’ ಎನ್ನುತ್ತಾರೆ. ಮೂರರ ಫಲ ಬೇರೆ ಬೇರೆ. ಮೂರನೆಯವನನ್ನು ಸಾಮಾನ್ಯವಾಗಿ ಅದೇ ಅಪರಾಧಕ್ಕಾಗಿ ಮತ್ತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ. ಎರಡನೆಯವನಿಗೆ ಆ ಪೂರ್ಣ ರಕ್ಷಣೆಯಿಲ್ಲ. ಮೊದಲನೆಯವನ ಮೊಕದ್ದಮೆಯಂತೂ ಇನ್ನೂ ಜೀವಂತವಾಗಿದೆ. ಜಾಮೀನನ್ನೇ ಬಿಡುಗಡೆಯೆಂದು ನಂಬಿ ವಾಯಿದೆಯ ದಿನ ಹಾಜರಾಗದವನ ಮುಚ್ಚಳಿಕೆ ಮುಟ್ಟುಗೋಲಾಗಬಹುದು, ವಾರಂಟು ಹೊರಡಬಹುದು. ಸಾಕಷ್ಟು ಕಾರಣವಿಲ್ಲದೆ ಗೈರುಹಾಜರಾದರೆ ಅದೇ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಬೇರೊಂದು ಅಪರಾಧವಾಗುತ್ತದೆ. ಒಂದು ಪದದ ಸಡಿಲತನಕ್ಕೆ ಇಷ್ಟು ದೊಡ್ಡ ದಂಡ!

‘ಸಂಜ್ಞೇಯ ಅಪರಾಧ’ ಎಂಬುದು ಇದಕ್ಕೆ ವಿರುದ್ಧವಾದ ದೋಷವುಳ್ಳದ್ದು. ಅಲ್ಲಿ ಪದವು ಸಡಿಲವಾಗಿಲ್ಲ, ಮೂಕವಾಗಿದೆ. ಸಂಜ್ಞೆಯೆಂದರೆ ಕನ್ನಡಿಗನಿಗೆ ಕೈಸನ್ನೆ, ಕಣ್ಸನ್ನೆ. ಪೊಲೀಸರು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದಾದ ಅಪರಾಧವೆಂಬ ಅರ್ಥವನ್ನು ಆ ಪದದಿಂದ ಯಾರೂ ಊಹಿಸಲಾರರು. ‘ಇದು ಅಸಂಜ್ಞೇಯ’ ಎಂಬ ಉತ್ತರವನ್ನು ಕೇಳಿದ ದೂರುದಾರನು ತನ್ನ ದೂರಿಗೆ ಬೆಲೆಯಿಲ್ಲವೆಂದುಕೊಂಡು ಮನೆಗೆ ಮರಳುತ್ತಾನೆ. ವಾಸ್ತವದಲ್ಲಿ ಅಂಥ ಸಂದರ್ಭದಲ್ಲಿ ಠಾಣೆಯವರು ಮಾಹಿತಿಯನ್ನು ದಾಖಲಿಸಿ ಅವನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಅವರ ಆಜ್ಞೆಯಾದರೆ ತನಿಖೆ ನಡೆಯುತ್ತದೆ (ಕಲಮು ೧೭೪). ಬಾಗಿಲು ಮುಚ್ಚಿಲ್ಲ, ಬೇರೆ ಕಡೆಗಿದೆ. ಪದವು ಅದನ್ನು ತೋರಿಸುವುದಿಲ್ಲ. ಹಾಗೆಯೇ ಪೊಲೀಸರ ‘ಆರೋಪಪಟ್ಟಿ’ಯನ್ನೂ ನ್ಯಾಯಾಲಯದ ‘ದೋಷಾರೋಪಣೆ’ಯನ್ನೂ ಒಂದೆಂದೇ ಬಗೆಯಲಾಗುತ್ತಿದೆ. ಮೊದಲನೆಯದು ತನಿಖೆಯ ವರದಿ. ಎರಡನೆಯದು ನ್ಯಾಯಾಧೀಶರು ವಿವೇಚಿಸಿ ರೂಪಿಸಿದ್ದು. ಎರಡೂ ಅಪರಾಧದ ನಿರ್ಣಯವಲ್ಲ.

ಹಾಗಾದರೆ ಸಂಸ್ಕೃತ ಪದಗಳನ್ನು ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ‘ಆರೋಪಿ’ ಮತ್ತು ‘ಅಪರಾಧಿ’ ಎಂಬ ಸಂಸ್ಕೃತ ಜೋಡಿಯಷ್ಟು ಉಪಯುಕ್ತವಾದ ಭೇದ ಬೇರೊಂದಿಲ್ಲ. ಫಾರಸಿ, ಅರಬ್ಬಿ ಮೂಲದ ಜಾಮೀನು, ವಕೀಲ, ಖುಲಾಸೆಗಳು ಹಳ್ಳಿಯವರ ನಾಲಗೆಯಲ್ಲಿಯೂ ನೆಲೆಸಿವೆ. ಹಳೆಯ ದಂಡಸಂಹಿತೆಯ ೪೨೦ ಎಂಬ ಬರಿಯ ಅಂಕಿಯೇ ವಂಚಕನಿಗೆ ಹೆಸರಾಗಿ ಕನ್ನಡದಲ್ಲಿ ಬೆರೆತುಹೋಯಿತು. ಶಾಸನದಲ್ಲಿ ಈಗ ಆ ಅಪರಾಧದ ಸಂಖ್ಯೆ ೩೧೮. ಪದದ ಕುಲವಲ್ಲ, ಅದರ ಬಳಕೆಯೇ ಮುಖ್ಯವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಶಾಸ್ತ್ರಕ್ಕೆ ಪರಿಭಾಷೆ ಅನಿವಾರ್ಯವೆಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಆದರೆ ಪರಿಭಾಷೆಯ ಪಕ್ಕದಲ್ಲಿ ದೃಷ್ಟಾಂತವನ್ನಿಡುವ ಮಾರ್ಗವು ಈ ಶಾಸನದಲ್ಲಿಯೇ ಇದೆ. ಮೆಕಾಲೆಯ ಆಯೋಗವು ೧೮೩೭ರಲ್ಲಿ ಸಿದ್ಧಪಡಿಸಿದ ಕರಡಿನಿಂದ ಬೆಳೆದ ೧೮೬೦ರ ದಂಡಸಂಹಿತೆಯು ಹಲವು ಲಕ್ಷಣಗಳ ಕೆಳಗೆ ಪುಟ್ಟ ಪುಟ್ಟ ಉದಾಹರಣೆಗಳನ್ನು ಕೊಟ್ಟಿತು. ಹೊಸ ಸಂಹಿತೆಯೂ ಆ ಕ್ರಮವನ್ನು ಉಳಿಸಿಕೊಂಡಿದೆ. ಪರರ ನೆಲದ ಮರವನ್ನು ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ ಕಡಿದವನು, ಮರವು ನೆಲದಿಂದ ಬೇರ್ಪಟ್ಟ ಕ್ಷಣದಲ್ಲಿಯೇ ಕಳ್ಳನಾಗುತ್ತಾನೆ, ಅದನ್ನು ಹೊತ್ತೊಯ್ಯಬೇಕಾಗಿಲ್ಲ. ಕಳವಿನ ಲಕ್ಷಣವಾಕ್ಯವನ್ನು ಹತ್ತು ಸಲ ಓದಿಯೂ ಹಿಡಿಯಲಾಗದ ಸೂಕ್ಷ್ಮವು ಈ ಒಂದು ಮರದಿಂದ ಮನಸ್ಸಿಗೆ ಹತ್ತುತ್ತದೆ.

ಉಚ್ಚ ನ್ಯಾಯಾಲಯದ ಭಾಷೆಯನ್ನು ಸಂವಿಧಾನದ ೩೪೮ನೆಯ ಅನುಚ್ಛೇದವು ನಿಯಮಿಸುತ್ತದೆ. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನಾದರೋ ರಾಜ್ಯ ಸರ್ಕಾರವು ನಿರ್ಧರಿಸಬಹುದು (ಕಲಮು ೩೦೭). ಸಾಮಾನ್ಯನು ಮೊದಲು ಹತ್ತುವ ಮೆಟ್ಟಿಲು ಇದೇ. ನಮ್ಮ ಕಾಲೇಜುಗಳ ಭಾಷಾ ವಿಭಾಗಗಳು ಒಂದು ದೂರಿನ, ಒಂದು ದೋಷಾರೋಪಣೆಯ, ಒಂದು ಜಾಮೀನು ಆಜ್ಞೆಯ ಕನ್ನಡವನ್ನು ತರಗತಿಯಲ್ಲಿಟ್ಟು, ಅದನ್ನು ಅದರ ಗುರಿಯಾದ ಮನುಷ್ಯನಿಗೆ ವಿವರಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮಾಡಿಸಬಹುದು. ಕೇಳಿದವನು ಮುಂದೆ ತಾನೇನು ಮಾಡಬೇಕೆಂಬುದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬಲ್ಲನಾದರೆ ಆ ಗದ್ಯವು ಉತ್ತೀರ್ಣ. ಇಲ್ಲವಾದರೆ ಅದು ಎಷ್ಟೇ ಶುದ್ಧವಾಗಿದ್ದರೂ ಅನುತ್ತೀರ್ಣ.